ಒಂಬತ್ತು ಗಂಟೆಯ ಕೋಡಂಗಿ

ಪತ್ತನಾಜೆಯ ದಿನ, ಅಂದರೆ ಮೇ 24ರ ಸುಮಾರಿಗೆ, ನಮ್ಮ ಕಡೆಯ ಯಕ್ಷಗಾನ ಮೇಳಗಳವರು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಹೊತ್ತಿಗೆ, ಪಿಟ್ಸ್‌ಬರ್ಗಿನ ಪೈರೇಟ್ಸ್ ಬೇಸ್‌ಬಾಲ್ ತಂಡವು ಋತುವಿನ 162 ಪಂದ್ಯಗಳಲ್ಲಿ ಐವತ್ತರಷ್ಟನ್ನು ಆಡಿ ಮುಗಿಸಿರುತ್ತದೆ. ಆ ವರ್ಷದ ಅದರ ಆಸೆಯೂ ಬಹುತೇಕ ಅಷ್ಟರೊಳಗೇ ಮುಗಿದಿರುತ್ತದೆ. ಬಾರಕೂರಿನ ಆಚೆ ಸೀತಾನದಿಯ ದಂಡೆಯಲ್ಲಿ ಹುಟ್ಟಿ, ಕುಂದಾಪುರದ ಭಂಡಾರ್ಕಾರ್ಸ್ ಕಾಲೇಜಿನಲ್ಲಿ ನಾಲ್ಕಕ್ಷರ ಕಲಿತು, ಉದ್ಯೋಗನಿಮಿತ್ತವಾಗಿ ಈ ಉಕ್ಕಿನ ಊರಿಗೆ ಬಂದು ನೆಲೆಸಿದ ನಾನು, ಮೂರು ದಶಕಗಳಿಂದ ಆ ತಂಡದ ಬೆನ್ನು ಹತ್ತಿದ್ದೇನೆ.

ನಾನು ಬಂದದ್ದು 1992ರ ಶರತ್ಕಾಲದಲ್ಲಿ. ಬಂದ ಕೆಲವೇ ವಾರಗಳಲ್ಲಿ, ಅಟ್ಲಾಂಟಾದಲ್ಲಿ ನಡೆದ ನಿರ್ಣಾಯಕ ಪಂದ್ಯದ ಒಂಬತ್ತನೆಯ ಸರದಿಯವರೆಗೆ ಎರಡು ಓಟಗಳಿಂದ ಮುಂದಿದ್ದ ಪೈರೇಟ್ಸ್ ತಂಡವು, ಇನ್ನೊಬ್ಬನನ್ನು ಔಟ್ ಮಾಡಿದರೆ ಗೆದ್ದೆವೆನ್ನುವ ಘಳಿಗೆಯಲ್ಲಿ ಮುಗ್ಗರಿಸಿ, 3-2ರಿಂದ ಸೋತಿತು. ಅಲ್ಲಿಂದ ಮುಂದೆ 1993ರಿಂದ 2012ರವರೆಗೆ ಸತತ 20 ವರ್ಷ, ಗೆದ್ದ ಪಂದ್ಯಗಳಿಗಿಂತ ಸೋತವೇ ಅಧಿಕ. ಅಮೆರಿಕದ ವೃತ್ತಿಪರ ಕ್ರೀಡೆಗಳಲ್ಲಿ ಅದುವರೆಗೆ ಯಾವ ತಂಡಕ್ಕೂ ಇಷ್ಟು ದೀರ್ಘ ದುರ್ದಶೆ ಒದಗಿರಲಿಲ್ಲ. ನನ್ನ ಹೆಂಡತಿ ಇದನ್ನು ನನ್ನ ಕಾಲ್ಗುಣವೆನ್ನುತ್ತಾಳೆ. ಪೆನ್ ಹಿಲ್ಸಿನ ಗುಡ್ಡದ ಮೇಲೆ 1976ರಿಂದ ನೆಲೆಸಿರುವ ವೆಂಕಟೇಶ್ವರನ ಸನ್ನಿಧಿಯಲ್ಲಿ ತಂಡದ ಹೆಸರಿಗೊಂದು ಅರ್ಚನೆ ಮಾಡಿಸಲು ಹೋಗಿ, ಅರ್ಚಕರು ಗೋತ್ರ ಕೇಳಿದಾಗ ನಿರುತ್ತರನಾಗಿ ಹಿಂದಿರುಗಿದ್ದೂ ಉಂಟು.

ಸೋಲುವವರನ್ನು ಬಿಟ್ಟು ಬೇರೆ ತಂಡ ನೋಡಬಾರದೆ ಎಂದು ಮಕ್ಕಳು ಕೇಳುತ್ತಿದ್ದರು. ಅದಕ್ಕೆ ಉತ್ತರ ಹೇಳಬೇಕಾದವರು ನನ್ನ ಅಪ್ಪಯ್ಯ. ಅವರೂ ಒಂದು ಬಡ ಡೇರೆ ಮೇಳವನ್ನು ಹೀಗೆಯೇ ಹಚ್ಚಿಕೊಂಡಿದ್ದರು. ಮೇಳದ ಹೆಸರು ಇಲ್ಲಿ ಬೇಡ; ಅದು ನಿಂತುಹೋಗಿ ಬಹಳ ಕಾಲವಾಯಿತು. ಕುರ್ಚಿಯ ಟಿಕೇಟು ಮಾರಿದ ಹಣ ಗ್ಯಾಸ್‌ಲೈಟಿಗೂ ಲಾರಿಯ ಬಾಡಿಗೆಗೂ ಸಾಲದೆ, ಪ್ರತಿ ವರ್ಷ ಇದೇ ಕೊನೆಯ ತಿರುಗಾಟವೆಂದು ಜನರು ಆಡಿಕೊಳ್ಳುತ್ತಿದ್ದ ಆ ಮೇಳದಲ್ಲಿ, ವೇಷಧಾರಿಯೊಬ್ಬ ಹಣ್ಣಾದನೆಂದೊಡನೆಯೇ ದೊಡ್ಡ ಮೇಳದವರು ಮುಂಗಡ ಕೊಟ್ಟು ಎತ್ತಿಕೊಂಡು ಹೋಗುವರು. ಉಳಿದವರು ಹಳಬರು, ಅಥವಾ ತೀರ ಎಳಬರು.

ಊರಿನ ರಸಿಕರೆಲ್ಲ ಉಂಡು, ಎಲೆಯಡಿಕೆ ಹಾಕಿಕೊಂಡು, ಮುಖ್ಯ ವೇಷ ರಂಗಕ್ಕೆ ಬರುವ ಹನ್ನೊಂದು ಗಂಟೆಯ ಅಂದಾಜಿಗೆ ಹೊರಡುತ್ತಿದ್ದರೆ, ಅಪ್ಪಯ್ಯನವರು ನನ್ನ ಕೈಹಿಡಿದು ಒಂಬತ್ತಕ್ಕೇ ಡೇರೆಯೊಳಗೆ ಕುಳಿತಿರುತ್ತಿದ್ದರು. ಆಗ ರಂಗಸ್ಥಳದಲ್ಲಿರುವವರು ಕೋಡಂಗಿಗಳು. ಹತ್ತು ಹನ್ನೆರಡು ವರ್ಷದ, ಬಣ್ಣ ಸರಿಯಾಗಿ ಹಿಡಿಯದ, ನಿದ್ದೆಗಣ್ಣಿನ ಹುಡುಗರು. ಎದುರಿಗೆ ಖಾಲಿ ಕುರ್ಚಿ, ಮೂಲೆಯಲ್ಲಿ ಕಡಲೆ ಹುರಿಯುವವನ ಬಾಣಲೆಯ ಸದ್ದು. ಅಪ್ಪಯ್ಯನವರು ಮುಖವನ್ನು ನೋಡುತ್ತಲೇ ಇರಲಿಲ್ಲ. "ಆ ಮಾಣಿ ಕಾಲ್ ಕಾಣ್ ಮಗಾ, ಕಾಲ್ ಕಾಣ್" ಎನ್ನುವರು. ಬ್ರಹ್ಮಾವರದ ಆಸುಪಾಸಿನ ಎರಡು ಊರುಗಳ ಹೆಸರು ಹೊತ್ತ ಹಾರಾಡಿ ತಿಟ್ಟು, ಮಟಪಾಡಿ ತಿಟ್ಟುಗಳಲ್ಲಿ ಆ ಹುಡುಗನಿಗೆ ಯಾವುದರ ಪಾಠವಾಗಿದೆಯೆಂಬುದನ್ನು ಅವನ ಹೆಜ್ಜೆಯಿಂದಲೇ ಹೇಳಬಲ್ಲರಾಗಿದ್ದರು. ಹೇಳಿದ್ದು ತಪ್ಪಿದರೆ ಒಪ್ಪಿಕೊಳ್ಳುತ್ತಿರಲಿಲ್ಲವೆಂಬುದು ಬೇರೆ ಮಾತು.

ಬಡಗುತಿಟ್ಟಿನ ಮೇಳಕ್ಕೆ ಸೇರಿದ ಹುಡುಗನಿಗೆ ಮೊದಲು ಕೋಡಂಗಿ, ಬಳಿಕ ಬಾಲಗೋಪಾಲ, ಆಮೇಲೆ ಪೀಠಿಕಾ ಸ್ತ್ರೀವೇಷ. ಒಡ್ಡೋಲಗದ ಸಾಲಿನಲ್ಲಿ ನಿಂತು ನಿಂತು, ಯೋಗವಿದ್ದರೆ ಕೇದಗೆ ಮುಂದಲೆ ಕಟ್ಟಿ ಅಭಿಮನ್ಯುವೋ ಬಭ್ರುವಾಹನನೋ ಆಗಿ, ಕಟ್ಟಕಡೆಗೆ ಎರಡನೆಯ ವೇಷದವರೆಗೆ ಏರಬೇಕಾದ ಏಣಿ ಅದು. ಆ ಏಣಿಯ ಬುಡವು ಮೇಳಕ್ಕಿಂತಲೂ ಕೆಳಗಿತ್ತು: ನವರಾತ್ರಿಯಲ್ಲಿ ಬೈಂದೂರು ಕಡೆಯ ನನ್ನ ಅಜ್ಜಿಮನೆಯ ಚಾವಡಿಗೆ ಹೂವಿನಕೋಲಿನವರು ಬಂದಾಗ, ಎದುರುಬದುರು ಕುಳಿತು ಅರ್ಥ ಹೇಳುತ್ತಿದ್ದ ಇಬ್ಬರು ಪುಟ್ಟ ಬಾಲಕರಲ್ಲಿ ಯಾರು ಮುಂದೆ ಗೆಜ್ಜೆ ಕಟ್ಟುವನೆಂದು ದೊಡ್ಡವರು ಆಗಲೇ ಲೆಕ್ಕ ಹಾಕುತ್ತಿದ್ದರು.

ಬೇಸ್‌ಬಾಲಿನಲ್ಲಿಯೂ ಇಂತಹುದೇ ಏಣಿಯುಂಟು ಎಂದು ತಿಳಿದ ದಿನ ನನಗೆ ಪಿಟ್ಸ್‌ಬರ್ಗು ಪರಸ್ಥಳವಾಗಿ ಉಳಿಯಲಿಲ್ಲ. ಪೈರೇಟ್ಸ್ ತಂಡಕ್ಕೆ ಸೇರಿದ ಎಳೆಯರು ಬ್ರೇಡೆಂಟನ್, ಗ್ರೀನ್ಸ್‌ಬರೋ, ಅಲ್ಟೂನಾ, ಇಂಡಿಯಾನಾಪೊಲಿಸ್ ಎಂದು ಒಂದೊಂದೇ ಮೆಟ್ಟಿಲನ್ನು ಹತ್ತಿ ಬರಬೇಕು. ಅಲ್ಟೂನಾ ನಮಗೆ ಎರಡು ಗಂಟೆಯ ದಾರಿ. ಅಲ್ಲಿಯ ಮೈದಾನದ ಬಲಗೋಡೆಯ ಆಚೆ ಮರದ ಹಳಿಗಳ ರೋಲರ್ ಕೋಸ್ಟರ್ ನಿಂತಿದೆ. 2007ರಲ್ಲಿ ಅಲ್ಲಿ ಆಂಡ್ರೂ ಮೆಕಚನ್ ಎಂಬ ಇಪ್ಪತ್ತರ ತರುಣನು ಚೆಂಡಿನ ಬೆನ್ನಟ್ಟಿ ಓಡುವುದನ್ನು ಅರ್ಧ ಖಾಲಿ ಆಸನಗಳ ನಡುವೆ ಕುಳಿತು ಕಂಡಾಗ, ಪಕ್ಕದಲ್ಲಿದ್ದ ಮಗನಿಗೆ ನಾನು ಹೇಳಿದ್ದು ಅಪ್ಪಯ್ಯನ ಮಾತನ್ನೇ. ಅವನು 2009ರಲ್ಲಿ ಮೇಲಕ್ಕೆ ಬಂದನು. 2013ರಲ್ಲಿ ಲೀಗಿನ ಶ್ರೇಷ್ಠ ಆಟಗಾರನೆನಿಸಿ, 21 ವರ್ಷಗಳ ಬಳಿಕ ತಂಡವನ್ನು ಅಂತಿಮ ಸುತ್ತುಗಳಿಗೆ ಮುಟ್ಟಿಸಿದನು. 2018ರ ಜನವರಿಯಲ್ಲಿ ಮಾಲಿಕರು ಅವನನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಕೊಟ್ಟುಬಿಟ್ಟರು. ಮುಂಗಡದ ಕಥೆ ಕುಂದಾಪುರದಲ್ಲಿಯೂ ಇದೇ, ಇಲ್ಲಿಯೂ ಇದೇ.

2008ರ ನವೆಂಬರಿನಲ್ಲಿ ಇದೇ ತಂಡವು ಉತ್ತರ ಪ್ರದೇಶದ ರಿಂಕು ಸಿಂಗ್, ದಿನೇಶ್ ಪಟೇಲ್ ಎಂಬ ಇಬ್ಬರು ಈಟಿ ಎಸೆತಗಾರರನ್ನು, ಚೆಂಡೆಸೆತದ ಸ್ಪರ್ಧೆಯೊಂದರಲ್ಲಿ ಆಯ್ದು ತಂದವರ ಮೂಲಕ ಸೇರಿಸಿಕೊಂಡಾಗ, ನಮ್ಮ ಕನ್ನಡ ಕೂಟದಲ್ಲಿ ಬೇಸ್‌ಬಾಲಿನ ಗಂಧವಿಲ್ಲದವರೂ ನನ್ನನ್ನು ನಿಲ್ಲಿಸಿ ಮಾತನಾಡಿಸಿದರು. ಪಟೇಲರು ಬೇಗನೆ ಊರಿಗೆ ಮರಳಿದರು. ರಿಂಕು ಬ್ರೇಡೆಂಟನ್ನಿನಲ್ಲಿ ಆರಂಭಿಸಿ, ಸ್ಟೇಟ್ ಕಾಲೇಜಿನ ಸ್ಪೈಕ್ಸ್ ತಂಡವನ್ನು ಮುಟ್ಟಿ, ವೆಸ್ಟ್ ವರ್ಜೀನಿಯಾದ ಪವರ್ ತಂಡದವರೆಗೆ ಏರಿ, ಗಾಯಗಳಿಂದ ಕಂಗೆಟ್ಟು, ಕೊನೆಗೆ ಕುಸ್ತಿಯ ಪ್ರದರ್ಶನಕ್ಕೆ ಹೋದನು. ಸಿನಿಮಾ ಬಂದದ್ದು ಅವರ ಆಯ್ಕೆಯ ಕಥೆಗೆ. ಆ ನಡುವಿನ ಬಸ್ಸು ಪ್ರಯಾಣದ ವರ್ಷಗಳಿಗಲ್ಲ.

ಅವನು ಕಾಲಿಟ್ಟ ಆ ಮೆಟ್ಟಿಲುಗಳಲ್ಲಿ ಎರಡು ಈಗಿಲ್ಲ. 2021ಕ್ಕೆ ಮೇಜರ್ ಲೀಗಿನವರು ಕಿರಿಯ ತಂಡಗಳ ಸಂಖ್ಯೆಯನ್ನು 160ರಿಂದ 120ಕ್ಕೆ ಇಳಿಸಿದಾಗ, ಸ್ಟೇಟ್ ಕಾಲೇಜೂ ವೆಸ್ಟ್ ವರ್ಜೀನಿಯಾದ ಪವರೂ ಏಣಿಯಿಂದ ಕಳಚಿಬಿದ್ದವು. ಉಳಿದವರ ಸ್ಥಿತಿ ಸುಧಾರಿಸಿತೆಂಬುದನ್ನು ಒಪ್ಪಬೇಕು: ಆಟಗಾರರು ಸಂಘ ಕಟ್ಟಿಕೊಂಡ ಮೇಲೆ, 2023ರ ಒಪ್ಪಂದದಿಂದ ಅಲ್ಟೂನಾ ಮಟ್ಟದ ಕನಿಷ್ಠ ವಾರ್ಷಿಕ ವೇತನವು 13,800 ಡಾಲರಿನಿಂದ 30,250ಕ್ಕೆ ಏರಿತು. ನಮ್ಮ ಕೋಡಂಗಿ ಹುಡುಗರಿಗೆ ಅಂತಹ ಸಂಘವೊಂದು ಎಂದೂ ಇರಲಿಲ್ಲ.

ಆದರೆ ಅವರಿಗಿದ್ದ ಒಂದು ಭಾಗ್ಯ ಅಲ್ಟೂನಾದವರಿಗಿಲ್ಲ. ಮೇಳದಲ್ಲಿ ಏಣಿಯ ಬುಡವೂ ತುದಿಯೂ ಒಂದೇ ರಾತ್ರಿ, ಒಂದೇ ರಂಗಸ್ಥಳದಲ್ಲಿದ್ದವು. ಒಂಬತ್ತಕ್ಕೆ ಕುಣಿದ ಹುಡುಗನು ಚೌಕಿಯಲ್ಲಿ ಒಂದು ನಿದ್ದೆ ತೆಗೆದೆದ್ದು, ಬೆಳಗಿನ ಜಾವದಲ್ಲಿ ಎರಡನೆಯ ವೇಷದ ಹಿರಿಯನನ್ನು ಪರದೆಯ ಅಂಚಿನಿಂದ ಕಣ್ಣುತುಂಬ ಕಂಡು ಕಲಿಯುತ್ತಿದ್ದನು. ಕಾಲಮಿತಿಯ ಆಟಗಳು ಬಂದ ಮೇಲೆ ಮೊದಲು ಕತ್ತರಿಗೆ ಸಿಕ್ಕಿದ್ದು ಈ ಹುಡುಗರು ಕುಣಿಯುವ ಪೂರ್ವರಂಗ. ಬಿಡುವಿಲ್ಲದ ಜನರಿಗೆ ಮೂರು ಗಂಟೆಯ ಆಟ ಬೇಕೆಂಬುದು ನ್ಯಾಯವೇ ಇರಬಹುದು. ಆದರೆ ಕೋಡಂಗಿಯನ್ನು ಕೈಬಿಟ್ಟು ಎರಡನೆಯ ವೇಷವನ್ನು ಎಲ್ಲಿಂದ ತರುವುದೆಂದು ಯಾರೂ ಯೋಚಿಸಿದಂತೆ ಕಾಣುವುದಿಲ್ಲ. 1971ರಿಂದ ಉಡುಪಿಯ ಯಕ್ಷಗಾನ ಕೇಂದ್ರವೂ, 1975ರಿಂದ ಸಾಲಿಗ್ರಾಮ ಮಕ್ಕಳ ಮೇಳವೂ, ಇತ್ತೀಚೆಗೆ ಬ್ರಹ್ಮಾವರದಲ್ಲಿ ಶಾಲೆಯ ಹುಡುಗ ಹುಡುಗಿಯರು ಕಟ್ಟುವ ಕಿಶೋರ ಯಕ್ಷಗಾನವೂ ಆ ಹೊರೆಯ ಒಂದು ಪಾಲನ್ನು ಹೊತ್ತಿವೆ. ಉಳಿದ ಪಾಲು ನೋಡುವವರದು.

ಪೈರೇಟ್ಸ್ 2025ರಲ್ಲಿಯೂ 71 ಗೆದ್ದು 91 ಸೋತರು; ಅವರಲ್ಲಿಯೇ ಪಾಲ್ ಸ್ಕೀನ್ಸ್ ಎಂಬ ಎಳೆಯನು ಆ ವರ್ಷ ಲೀಗಿನ ಶ್ರೇಷ್ಠ ಚೆಂಡೆಸೆತಗಾರನೆನಿಸಿದನು. ಅವನೂ ಅಲ್ಟೂನಾವನ್ನು ಹಾದು ಬಂದವನೇ. ಅವನನ್ನು ಎಂದು ಮಾರುವರೋ ಎಂಬ ಚಿಂತೆ ನನಗೀಗಲೇ ಹತ್ತಿದೆ.

ಈ ಡಿಸೆಂಬರಿನಲ್ಲಿ ಊರಿಗೆ ಹೋಗುವವರಲ್ಲಿ ನನ್ನದೊಂದು ವಿಜ್ಞಾಪನೆಯುಂಟು. ಮಂದಾರ್ತಿಯದೋ ಮಾರಣಕಟ್ಟೆಯದೋ ಕಮಲಶಿಲೆಯದೋ ಮೇಳ ಹತ್ತಿರದ ಬಯಲಿಗೆ ಬಂದಿದೆಯೆಂದು ತಿಳಿದರೆ, ಉಂಡು, ಒರಗಿ, ನಿಧಾನವಾಗಿ ಹೊರಡಬೇಡಿ. ಚೆಂಡೆಯ ಮೊದಲ ಪೆಟ್ಟಿಗೇ ಹೋಗಿ ಕುಳಿತುಕೊಳ್ಳಿ. ಹುಡುಗರು ರಂಗಕ್ಕೆ ಬರುವುದು ಆಗ.