ಘಮ ಬೆಣ್ಣೆಯಲ್ಲಿ ಮೊದಲೇ ಇತ್ತೇ?

ಕಾರ್ಯವು ಕಾರಣದಲ್ಲಿ ಮೊದಲೇ ಇರುತ್ತದೆ ಎಂಬುದು ಸಾಂಖ್ಯರ ಸತ್ಕಾರ್ಯವಾದ; ಈಶ್ವರಕೃಷ್ಣನ ಸಾಂಖ್ಯಕಾರಿಕೆಯ 9ನೆಯ ಕಾರಿಕೆ ಇದನ್ನು ಸಮರ್ಥಿಸುತ್ತದೆ. ಕಾರ್ಯ ಹೊಸದಾಗಿಯೇ ಹುಟ್ಟುತ್ತದೆ ಎನ್ನುವವರು ನ್ಯಾಯದರ್ಶನದ ನೈಯಾಯಿಕರು. ಬೆಣ್ಣೆ ಕಾಯಿಸುವಾಗ ಈ ಇಬ್ಬರ ವಾದ ಕಣ್ಣಿಗೇ ಕಾಣುತ್ತದೆ. ಮೊದಲು ನೀರಿನಂಶ ಚಟಪಟ ಸದ್ದು ಮಾಡುತ್ತ ಆವಿಯಾಗುತ್ತದೆ. ಸದ್ದು ಅಡಗಿ ನೊರೆ ಎದ್ದಾಗ ತಳದ ಗಸಿ ಹೊಂಬಣ್ಣಕ್ಕೆ ತಿರುಗಿ ಘಮ್ಮೆನ್ನುತ್ತದೆ. ಆಗಲೇ ಇಳಿಸಬೇಕು, ತಡವಾದರೆ ಬಿಸಿ ಅನ್ನಕ್ಕೆ ಕಲಸುವ ಆ ಗಸಿ ಸೀದು ಕಹಿಯಾಗುತ್ತದೆ. ಜಿಡ್ಡು ಬೆಣ್ಣೆಯಲ್ಲೇ ಇತ್ತು. ಅಷ್ಟರಮಟ್ಟಿಗೆ ಸಾಂಖ್ಯರದು ಸರಿ. ಆದರೆ ಆ ಘಮ? ಹಾಲಿನ ಪ್ರೋಟೀನ್, ಸಕ್ಕರೆಯಂಶಗಳು ಕಾವಿನಲ್ಲಿ ಕೂಡಿದಾಗಲೇ ಅದು ಹುಟ್ಟುವುದು. ಇಲ್ಲಿ ನೈಯಾಯಿಕರ ಮಾತಿಗೇ ತೂಕ ಹೆಚ್ಚು. ಹಾಗಾದರೆ ಎಣ್ಣೆ ಕಾಯಿಸಿದರೆ ಅದೇ ಘಮ ಏಕಿಲ್ಲ ಎಂದು ಸಾಂಖ್ಯರು ಕೇಳಬಹುದು. ಹುಟ್ಟುವ ಮುನ್ನ ಬೆಣ್ಣೆಯಲ್ಲಿದ್ದದ್ದು ಘಮವಲ್ಲ, ಅದರ ಪ್ರಾಗಭಾವ, ಅಂದರೆ ಹುಟ್ಟುವ ಮುಂಚಿನ ಇಲ್ಲದಿರುವಿಕೆ; ಎಣ್ಣೆಯಲ್ಲಿ ಆ ಪ್ರಾಗಭಾವವೂ ಇಲ್ಲ ಎಂಬುದು ನ್ಯಾಯದರ್ಶನದ ಉತ್ತರ.