ಮರಣದ ಕಾರಣ

ಮನುಷ್ಯನು ಸತ್ತಾಗ ವೈದ್ಯನು ಒಂದು ಕಾರಣವನ್ನು ಬರೆದುಕೊಡುತ್ತಾನೆ. ಆ ಕಾರಣ ಸುಳ್ಳಲ್ಲ. ಆದರೆ ಅಷ್ಟೇ ಸತ್ಯವೆ? ಅಮೆರಿಕದ ಬೀದಿಗಳಲ್ಲಿ ಪ್ರಾಣ ಬಿಡುವ ಮಾಜಿ ಸೈನಿಕರ ವಿಷಯದಲ್ಲಿ ಈ ಪ್ರಶ್ನೆ ಏಳದಿರದು.

೨೦೨೪ರ ಜನವರಿಯಲ್ಲಿ ಒಂದು ರಾತ್ರಿಯ ಎಣಿಕೆಯಂತೆ ಅಲ್ಲಿ ಮನೆಯಿಲ್ಲದ ಮಾಜಿ ಸೈನಿಕರು ೩೨,೮೮೨ ಮಂದಿ. ಇಂಥವರನ್ನು ಚಳಿಯೇ ಕೊಲ್ಲುತ್ತದೆಂದು ನಾವು ಊಹಿಸುತ್ತೇವೆ. ಬಾಸ್ಟನ್ ನಗರದಲ್ಲಿ ೨೦೦೩ರಿಂದ ೨೦೦೮ರವರೆಗೆ, ಸೈನಿಕರೂ ಇತರರೂ ಸೇರಿ, ನಿರ್ವಸಿತರ ೧,೩೦೨ ಮರಣಗಳನ್ನು ಪರಿಶೀಲಿಸಿದಾಗ ಮೊದಲು ಕಂಡದ್ದು ಮಾದಕದ್ರವ್ಯದ ಅತಿಸೇವನೆ. ಅನಂತರ ಕ್ಯಾನ್ಸರ್, ಹೃದ್ರೋಗ. ವಯಸ್ಸಾದವರಲ್ಲಿ ಕೊನೆಯ ಎರಡೇ ಮುಂದು. ಇವು ಮನೆಯುಳ್ಳವರಿಗೂ ಬರುವ ರೋಗಗಳು. ಆದರೆ ಮನೆಯುಳ್ಳವನ ಗುಳಿಗೆ ತಲೆದಿಂಬಿನ ಬಳಿ ಇರುತ್ತದೆ. ನಡುರಾತ್ರಿ ಎದೆ ನೊಂದರೆ ಓಗೊಡುವವರಿರುತ್ತಾರೆ. ಬೀದಿಯವನ ಗುಳಿಗೆ ಮಳೆಯಲ್ಲಿ ನೆನೆಯುತ್ತದೆ, ಇಲ್ಲವೆ ಗಂಟಿನೊಡನೆ ಕಳುವಾಗುತ್ತದೆ. ಸಕ್ಕರೆ ಕಾಯಿಲೆಯವನಿಗೆ ಇನ್ಸುಲಿನ್ ತಂಪಾಗಿಡಲು ಎಡೆಯಿಲ್ಲ, ಕಾಲಿನ ಹುಣ್ಣು ತೊಳೆಯಲು ನೀರಿಲ್ಲ. ಕಾಗದದಲ್ಲಿ ಹೃದ್ರೋಗವೆಂದಿರುತ್ತದೆ.

ವಾಷಿಂಗ್ಟನ್ನಿನಲ್ಲಿ ೧೯೮೨ರಲ್ಲಿ ನಿರ್ಮಿಸಿದ ವಿಯೆಟ್ನಾಂ ಸ್ಮಾರಕದ ಕರಿಯ ಕಲ್ಲಿನ ಗೋಡೆಯಲ್ಲಿ ೫೮,೦೦೦ಕ್ಕೂ ಮಿಕ್ಕಿ ಹೆಸರುಗಳಿವೆ. ರಣರಂಗದ ಗಾಯದಿಂದ ಎಷ್ಟೋ ವರ್ಷಗಳ ಮೇಲೆ ತೀರಿಕೊಂಡವನ ಹೆಸರನ್ನೂ ಅಲ್ಲಿ ಕೆತ್ತಲು ಅವಕಾಶವುಂಟು. ಯುದ್ಧದ ಭೀತಿಯು ಮನಸ್ಸನ್ನು ಕೊರೆದು ಆತ್ಮಹತ್ಯೆಗೆ ಈಡಾದವನಿಗೆ ಅಲ್ಲಿ ಸ್ಥಳವಿಲ್ಲ. ಯುದ್ಧ ಮುಗಿದದ್ದು ೧೯೭೫ರಲ್ಲಿ; ಆ ಮನೋವ್ಯಾಧಿಯು ಈಗಿನ ಹೆಸರಿನಿಂದ ಅಮೆರಿಕದ ಮನೋವೈದ್ಯರ ರೋಗಪಟ್ಟಿಗೆ ಸೇರಿದ್ದು ೧೯೮೦ರಲ್ಲಿ. ದೇಹದ ಗಾಯ ಕಾರಣವಾಗಬಹುದಾದರೆ ಮನಸ್ಸಿನ ಗಾಯವೇಕೆ ಆಗಬಾರದು?

ಕುಡಿತಕ್ಕೆ ಬಿದ್ದವನು ತಾನೇ ಹೊಣೆಯಲ್ಲವೆ ಎಂದು ಕೇಳುವವರುಂಟು. ಶರಣಧರ್ಮ ವ್ಯಕ್ತಿಯ ಹೊಣೆಯನ್ನು ಅಲ್ಲಗಳೆಯುವುದಿಲ್ಲ. ಆದರೆ ೨೦೧೦ರಲ್ಲಿ ಇದೇ ಎಣಿಕೆ ಸುಮಾರು ೭೪,೦೦೦ ಇತ್ತು. ಅದು ಅರ್ಧಕ್ಕಿಂತ ಕೆಳಗಿಳಿದದ್ದು ಸೈನಿಕರೆಲ್ಲ ಏಕಾಏಕಿ ಸಂಯಮಿಗಳಾದುದರಿಂದಲ್ಲ. ಚಟ ಬಿಟ್ಟು ಬಾ, ಆಮೇಲೆ ಮನೆ ಎನ್ನುವ ಕ್ರಮವನ್ನು ಕೈಬಿಟ್ಟು, ಮೊದಲು ಮನೆಯನ್ನೂ ಬಾಡಿಗೆಯ ನೆರವನ್ನೂ ಕೊಟ್ಟದ್ದು ಇದಕ್ಕೆ ಒಂದು ಮುಖ್ಯ ಕಾರಣ. ದಾಸೋಹದ ಪಂಕ್ತಿಯಲ್ಲಿ ಕುಳ್ಳಿರಿಸುವ ಮುನ್ನ ನಡತೆಯ ವಿಚಾರಣೆ ನಡೆಸುವ ರೂಢಿ ನಮ್ಮ ಮಠಗಳಲ್ಲೂ ಇಲ್ಲವಷ್ಟೆ.

ಸ್ಥಾವರ-ಜಂಗಮಗಳ ವಿವೇಕವುಳ್ಳ ನಮಗೆ ಇನ್ನೊಂದು ಸಂಗತಿಯೂ ಕಣ್ಣಿಗೆ ಬೀಳುತ್ತದೆ. ಗೌರವದಿಂದ ಸೇವೆ ಮುಗಿಸಿದವನು ಬೀದಿಯಲ್ಲಿ ಸತ್ತರೂ ರಾಷ್ಟ್ರೀಯ ಸ್ಮಶಾನದಲ್ಲಿ ಅವನಿಗೆ ನೆಲ, ಶಿಲಾಫಲಕ, ಧ್ವಜ ಎಲ್ಲವೂ ಉಚಿತ. ಅಪಕೀರ್ತಿಯೊಡನೆ ಸೈನ್ಯದಿಂದ ಹೊರಬಿದ್ದವನಿಗೆ ಅದೂ ಇಲ್ಲ. ಸಮವಸ್ತ್ರ ಧರಿಸಿದ ಇಬ್ಬರಾದರೂ ಬಂದು ಧ್ವಜವನ್ನು ಮಡಿಸಿ ಮನೆಯವರ ಕೈಗಿಡುವುದು ಅಲ್ಲಿಯ ಕ್ರಮ. ಬಂಧುಗಳಿಲ್ಲದ ಸೈನಿಕನ ಧ್ವಜವನ್ನು ಎಷ್ಟೋ ವೇಳೆ ಅವನನ್ನು ಎಂದೂ ಕಾಣದ ಅಪರಿಚಿತರು ಬಂದು ಸ್ವೀಕರಿಸುತ್ತಾರೆ.