ಹೊಗೆಯ ನೆನಪು, ಬೆವರಿನ ಹಕ್ಕು

ಕೋಲಾರ, ಮಾಲೂರು, ಶ್ರೀನಿವಾಸಪುರದ ಕಡೆ ಹಳಬರು ಮಾತಿಗೆ ಕುಳಿತರೆ ಕಲ್ಲಿದ್ದಲಿನ ರೈಲು ಬಂದೇ ಬರುತ್ತದೆ. ಅದರ ಕೂಗು, ಹೊಗೆ, ಕಿಟಕಿಯಲ್ಲಿ ಇಣುಕಿದರೆ ಕಣ್ಣಿಗೆ ಬೀಳುತ್ತಿದ್ದ ಕಿಡಿ. ಊರಿಗೆ ರೈಲೇ ಇಲ್ಲದ ಮುಳಬಾಗಿಲಿನವರಿಗೂ ಬಂಗಾರಪೇಟೆ ಸ್ಟೇಷನ್ನಿನ ಒಂದು ಕಥೆ ಇರುತ್ತದೆ. ನೆನಪು ಸವಿಯಾದದ್ದೇ. ಆದರೆ ಅದು ಯಾರ ನೆನಪು? ಬಹುಪಾಲು ಪ್ರಯಾಣಿಕರದು.

ಎಂಜಿನ್ನಿನಲ್ಲಿ ನಿಂತವನಿಗೆ ಅದೇ ರೈಲು ಬೇರೆಯಾಗಿತ್ತು. ಮುಂದೆ ಉರಿಯುವ ಬೆಂಕಿ, ಹಿಂದೆ ಬಯಲಿನ ಗಾಳಿ. ಫೈರ್‌ಮನ್ ಸಲಿಕೆಯಲ್ಲಿ ಕಲ್ಲಿದ್ದಲು ಎತ್ತಿ ಒಲೆಯ ತುಂಬ ಸಮನಾಗಿ ಹರಡಬೇಕು. ಒಂದೇ ಕಡೆ ಸುರಿದರೆ ಬೆಂಕಿ ಮಂಕಾಗಿ ಉಗಿ ಇಳಿಯುತ್ತದೆ. ಬಾಯ್ಲರಿನಲ್ಲಿ ನೀರು ತೀರ ತಗ್ಗಿದರೆ ಪ್ರಾಣಕ್ಕೇ ಅಪಾಯ. ಹೊರಗೆ ಗ್ಯಾಂಗ್‌ಮನ್ ಬಿಸಿಲೋ ಮಳೆಯೋ ಹಳಿಯ ಗುಂಟ ನಡೆಯುತ್ತಿದ್ದ.

1894ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಕ್ಕೆ ಹಳಿ ಬಿದ್ದದ್ದು ಚಿನ್ನದ ಗಣಿಗಳಿಗಾಗಿ. ಗಣಿಯ ಉಗಿಯಂತ್ರಗಳಿಗೆ ಸೌದೆ, ಕಲ್ಲಿದ್ದಲು ಬೇಕಿತ್ತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂದಾಗ ಗಣಿಯ ಆ ಹಸಿವು ತಗ್ಗಿತು. ರೈಲಿನ ಹಸಿವು ಮಾತ್ರ ಉಳಿಯಿತು. ಊರಿಗೆ ಮೊದಲು ಬೌರಿಂಗ್ ಎಂಬ ಕಮಿಷನರನ ಹೆಸರು ಬಂತು, ಆಮೇಲೆ ಬಂಗಾರದ್ದು. ಕಲ್ಲಿದ್ದಲು ಎತ್ತಿದವನ ಹೆಸರು ಯಾವ ಊರಿಗೂ ಬರಲಿಲ್ಲ.

ಕನ್ನಡದಲ್ಲಿ ನಾವು 'ಹಕ್ಕು' ಎನ್ನುತ್ತೇವೆ. ಅದರ ಮೂಲವಾದ 'ಹಕ್' ಎಂಬ ಮಾತಿಗೆ ಉರ್ದುವಿನಲ್ಲಿ ಎರಡು ಅರ್ಥ: ಸಲ್ಲಬೇಕಾದದ್ದು ಮತ್ತು ಸತ್ಯ. ಒಬ್ಬನಿಗೆ ಸಲ್ಲಬೇಕಾದದ್ದು ಸಲ್ಲದಿದ್ದರೆ ಅವನ ಬಗ್ಗೆ ನಾವು ಆಡುವ ಮಾತಿನಲ್ಲಿ ಸತ್ಯವೂ ಪೂರ್ತಿ ಇರುವುದಿಲ್ಲ. ಕೆಲಸಗಾರನ ಬೆವರು ಆರುವ ಮೊದಲೇ ಅವನ ಕೂಲಿ ಕೈಸೇರಬೇಕೆಂಬುದು ಪ್ರವಾದಿಯವರ ಬೋಧನೆ. ಆತನ ಬೆವರನ್ನು ಬಿಟ್ಟು ಹೊಗೆಯನ್ನಷ್ಟೇ ನೆನೆಯುವುದೂ ಒಂದು ಬಗೆಯ ಬಾಕಿಯೇ.

1974ರ ಮೇ ತಿಂಗಳಲ್ಲಿ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಮುಂದಾಳ್ತನದಲ್ಲಿ ದೇಶದ ಲಕ್ಷಾಂತರ ರೈಲ್ವೆ ಕಾರ್ಮಿಕರು ಮುಷ್ಕರ ಹೂಡಿದರು. ಎಂಟು ಗಂಟೆಯ ದುಡಿಮೆ ಅವರ ಬೇಡಿಕೆಗಳಲ್ಲೊಂದು. ಸಾವಿರಾರು ಜನ ಜೈಲು ಸೇರಿದರು, ಕೆಲಸ ಕಳೆದುಕೊಂಡರು. ಕ್ವಾರ್ಟರ್ಸಿನಿಂದ ಹೆಂಗಸರು ಮಕ್ಕಳು ಬೀದಿಗೆ ಬಿದ್ದರು. ರೈಲಿನ ಸವಿನೆನಪುಗಳಲ್ಲಿ ಈ ಇಪ್ಪತ್ತು ದಿನಗಳು ಅಪರೂಪಕ್ಕೂ ಸುಳಿಯುವುದಿಲ್ಲ.

ಕಷ್ಟದ ಕೆಲಸದಲ್ಲೂ ಹೆಮ್ಮೆ ಇತ್ತಲ್ಲ ಎನ್ನುವವರಿದ್ದಾರೆ. ಇತ್ತು, ನಿಜ. ಆ ಹೆಮ್ಮೆ ಅವರು ಗಳಿಸಿದ್ದು. ಅದನ್ನು ತೋರಿಸಿ ನಾವು ಕೂಲಿಯ ಲೆಕ್ಕ ಮುಚ್ಚುವಂತಿಲ್ಲ.

2001ರಲ್ಲಿ ಗಣಿ ಮುಚ್ಚಿತು. ಗಣಿಗಾಗಿ ಹಾಕಿದ ಹಳಿಯ ಮೇಲೆಯೇ ಕೆಜಿಎಫ್‌ನ ಮಕ್ಕಳು ಬೆಳಕು ಹರಿಯುವ ಮುನ್ನ ಬೆಂಗಳೂರಿನ ಕೆಲಸಕ್ಕೆ ಹೊರಡುತ್ತಾರೆ. ಬೋಗಿ ತೊಳೆಯುವವರು, ಹಳಿ ಕಾಯುವವರು ಈಗಲೂ ಇದ್ದಾರೆ, ಅನೇಕರು ಗುತ್ತಿಗೆಯ ಮೇಲೆ. ನಮ್ಮ ಮೊಹಲ್ಲಾಗಳಲ್ಲಿ ರೈಲ್ವೆ ಪಿಂಚಣಿಯ ಚಾಚಾ, ತಾತಂದಿರು ಇನ್ನೂ ಇರುವಾಗಲೇ ಕೇಳಿ ಬರೆದಿಡೋಣ: ಡ್ಯೂಟಿ ಎಷ್ಟು ಗಂಟೆ ಇತ್ತು? ಕೈಗೆ ಎಷ್ಟು ಬರುತ್ತಿತ್ತು? ಯಾರು ಗಾಯಗೊಂಡರು? ಆಮೇಲೆ ಅದೇ ಪ್ರಶ್ನೆಗಳನ್ನು ಇಂದು ಬೋಗಿ ತೊಳೆಯುವವನಿಗೂ ಕೇಳೋಣ.